ಪ್ಲಗ್ ಎಲ್ಲಿ ಹಾಕ್ಲಿ ಸ್ವಾಮಿ?

ಪೋಲೋ ಜಿಟಿ ಮಾರಿ ಎಲೆಕ್ಟ್ರಿಕ್ ಕಾರು ತಗೋ ಅಂತ ಆಫೀಸಲ್ಲಿ ದಿನಾ ಉಪದೇಶ. ಎಂಜಿನ್ ಸದ್ದಿಲ್ಲದ ಕಾರಿಗೆ ಜೀವವೇ ಇರಲ್ಲ ಅನ್ನೋರು ಇನ್ನೊಂದು ಕಡೆ. ಇವರಿಗೆ ಉತ್ತರ ಸುಲಭ: ಪದ್ಮನಾಭನಗರದಿಂದ ಸಿಲ್ಕ್ ಬೋರ್ಡ್‌ಗೆ ಹೋಗೋಷ್ಟರಲ್ಲಿ ಎರಡನೇ ಗೇರ್ ದಾಟದವನಿಗೆ ಟರ್ಬೊ ಯಾಕೆ?

ಉಪದೇಶಕರ ಕಥೆ ಬೇರೆ. ಅವರಿಗೆ ಸ್ವಂತ ಮನೆ ಇದೆ. ನಾನಿರೋದು ಬಾಡಿಗೆಯ ಎರಡನೇ ಮಹಡಿ. ಕಾಂಪೌಂಡಿನೊಳಗೆ ಕಾರಿಗೆ ಜಾಗ ಇದೆ, ಪ್ಲಗ್ ಇಲ್ಲ. "ನನ್ನ ಮೀಟರಿಂದಲೇ ಕೆಳಗೆ ಲೈನ್ ಎಳೆಸ್ಕೋತೀನಿ, ಖರ್ಚೂ ನಂದೇ ಸಾರ್" ಅಂದರೆ ಓನರ್ "ಗೋಡೆ ಕೊರೆಯೋದೆಲ್ಲ ಬೇಡಪ್ಪ" ಅಂತಾರೆ.

ಬೇಕಾಗಿರೋದು ದೊಡ್ಡದೇನಲ್ಲ. 2001ರಲ್ಲಿ ಇದೇ ಬೆಂಗಳೂರಿನ ರೇವಾ ರಸ್ತೆಗಿಳಿದಾಗ ಗೀಸರಿಗೆ ಹಾಕೋಂಥ 15 ಆಂಪ್ ಪ್ಲಗ್ಗೇ ಸಾಕಿತ್ತು. ಇವತ್ತಿನ ಕಾರನ್ನೂ ಅದಕ್ಕೇ ಎಂಟು ಗಂಟೆ ಹಾಕಿಟ್ಟರೆ ಸುಮಾರು 20 ಯೂನಿಟ್, ನೂರು ಕಿಲೋಮೀಟರಿಗೆ ಧಾರಾಳ. ತ್ರೀ ಫೇಸ್ ಕರೆಂಟಿಗಾಗಿ ಪಂಪ್‌ಸೆಟ್ ಪಕ್ಕ ರಾತ್ರಿಯೆಲ್ಲ ಕಾದು ಬೆಳೆದವನು ನಾನು. ಕರೆಂಟು ಇದ್ದೂ ಮುಟ್ಟೋ ಹಾಗಿಲ್ಲ ಅನ್ನೋದನ್ನ ನೋಡಿದ್ದು ಮಾತ್ರ ಇಲ್ಲೇ.

ದೇಶದಲ್ಲೇ ಮೊದಲು ಇವಿ ನೀತಿ ತಂದದ್ದು ಕರ್ನಾಟಕ, 2017ರಲ್ಲಿ. ಕೋಟಿ ರೂಪಾಯಿ ಕಾರಿಗೂ ರಸ್ತೆ ತೆರಿಗೆ ಮಾಫಿ ಇತ್ತು. 25 ಲಕ್ಷ ಮೀರಿದ್ದಕ್ಕೆ 10% ಬಿದ್ದದ್ದು 2024ರಲ್ಲಿ. ಅಷ್ಟು ವರ್ಷ ಶ್ರೀಮಂತರಿಗೆ ತೆರಿಗೆ ಬಿಟ್ಟ ಸರ್ಕಾರಕ್ಕೆ, ಬಾಡಿಗೆದಾರ ತನ್ನ ದುಡ್ಡಲ್ಲಿ ಪ್ಲಗ್ ಹಾಕಿಸಿಕೊಂಡರೆ ಓನರ್ ತಡೆಯೋ ಹಾಗಿಲ್ಲ ಅಂತ ಒಂದು ಕಾನೂನು ಬರೆಯೋಕೆ ಎಷ್ಟು ಖರ್ಚಾಗುತ್ತೆ? ಅದು ಬರಲಿ, ಮಾರನೇ ದಿನವೇ ಪೋಲೋ ಮಾರ್ತೀನಿ.