ಗಂಟೆ ಒಂಬತ್ತೋ, ಬರಿಯ ಅಕ್ಷರವೋ?

ಮೀಟರಿಗೆ ಸೆಕೆಂಡನ್ನು ಕೂಡಿಸಿದ ಉತ್ತರವನ್ನು ಭೌತಶಾಸ್ತ್ರದ ಅಧ್ಯಾಪಕನು ಕೊನೆಯವರೆಗೆ ಓದಬೇಕಾಗಿಲ್ಲ. ಆಯಾಮಗಳು ಹೊಂದದ ಸಮೀಕರಣವು ತಪ್ಪೆಂಬುದು ಲೆಕ್ಕ ಮಾಡುವುದಕ್ಕೆ ಮೊದಲೇ ತಿಳಿಯುತ್ತದೆ. ಡೇಟಾಬೇಸಿಗೆ ಪ್ರಶ್ನೆ ಹಾಕುವ ವಿದ್ಯೆಯನ್ನು ಕಲಿಸುವಾಗಲೂ ಇಂಥ ಕಟ್ಟುಪಾಡು ಮೊದಲ ದಿನದಿಂದಲೇ ಇರಬೇಕೆಂಬುದು ನಮ್ಮ ಅಭಿಪ್ರಾಯ. ಒಂದು ಸಣ್ಣ ಪ್ರಮಾದವು ನಮ್ಮನ್ನು ಈ ಅಭಿಪ್ರಾಯಕ್ಕೆ ತಂದಿತು.

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುದಾರಿಯು ಚಿತ್ತಾಪುರ, ಸೇಡಂಗಳನ್ನು ಹಾದು ಹೋಗುತ್ತದೆ. ಶಹಾಬಾದವಿರುವುದು ವಾಡಿಯ ಇನ್ನೊಂದು ಮಗ್ಗುಲಿಗೆ, ಮುಂಬಯಿಯ ದಾರಿಯಲ್ಲಿ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಂದ ಬರುವವರು ಬಸ್ಸಿನಲ್ಲಿ ಸೇಡಮ್ಮಿಗೆ ಬಂದು ರೈಲು ಹಿಡಿಯುವರು. ಹೀಗೆ ದಿನವೂ ಓಡಾಡುವ ನಮ್ಮ ವಿದ್ಯಾರ್ಥಿಗಳು ತಮಗಾಗಿ ಜಾವಾ ಭಾಷೆಯಲ್ಲಿ ಒಂದು ಪ್ರೋಗ್ರಾಮನ್ನು ಬರೆದರು. ಹತ್ತುವ ನಿಲ್ದಾಣ, ವಾರ, ರೈಲಿನ ಬಗೆ, ವಾಡಿಯನ್ನು ಇಷ್ಟು ಗಂಟೆಯೊಳಗೆ ತಲಪಬೇಕೆಂಬ ಮಿತಿ — ಇವುಗಳಲ್ಲಿ ಬೇಕಾದುದನ್ನು ಆರಿಸಬಹುದು, ಬೇಡವಾದುದನ್ನು ಬಿಡಬಹುದು.

ಕಷ್ಟವಿರುವುದು ಈ 'ಬಿಡಬಹುದು' ಎಂಬಲ್ಲಿಯೇ. ನಾಲ್ಕು ಷರತ್ತುಗಳಿಗೆ 16 ಬಗೆಯ ಪ್ರಶ್ನೆಗಳಾಗುತ್ತವೆ, ಹತ್ತಕ್ಕೆ 1024. ಎಲ್ಲವನ್ನೂ ಮೊದಲೇ ಬರೆದಿಡುವುದು ಆಗದ ಮಾತು. ಆದಕಾರಣ ಹುಡುಗರು ಎಸ್‌ಕ್ಯೂಎಲ್ ವಾಕ್ಯವನ್ನು ತುಂಡು ತುಂಡಾಗಿ, ಅಕ್ಷರಕ್ಕೆ ಅಕ್ಷರ ಅಂಟಿಸಿ ಕಟ್ಟಿದರು. ಏನನ್ನೂ ಆರಿಸದಿದ್ದಾಗ ವಾಕ್ಯವು ಅರ್ಧಕ್ಕೇ ನಿಲ್ಲುತ್ತಿದ್ದುದರಿಂದ 'ಒಂದು ಒಂದಕ್ಕೆ ಸಮ' ಎಂಬ ಷರತ್ತನ್ನು ಮೊದಲಿಗೇ ಸೇರಿಸಿದ್ದರು. (ಈ ಉಪಾಯವು ನಮ್ಮ ಹುಡುಗರದೇ ಅಲ್ಲ, ಬಹುಮಂದಿ ಬಲ್ಲವರೂ ಹೀಗೆಯೇ ಮಾಡುತ್ತಾರೆ.)

ಪ್ರಾಯೋಗಿಕ ಪರೀಕ್ಷೆಯ ದಿನ ಚಿಂಚೋಳಿಯ ಒಬ್ಬ ಹುಡುಗನು '9:00ರೊಳಗೆ' ಎಂದು ಆರಿಸಿದನು. ಪ್ರೋಗ್ರಾಮು 10:15ಕ್ಕೆ ಬರುವ ರೈಲನ್ನೂ ತೋರಿಸಿತು. ಅವನು ಅದನ್ನೇ ನಂಬಿ ಹೊರಟು ತಡವಾಗಿ ಬಂದನು. ವೇಳೆಯನ್ನು ಅಕ್ಷರಗಳಾಗಿ ಬರೆದಿಟ್ಟಿದ್ದುದೇ ಇದಕ್ಕೆ ಕಾರಣ. ನಿಘಂಟಿನ ಕ್ರಮದಲ್ಲಿ '1' ಎಂಬುದು '9'ಕ್ಕಿಂತ ಮೊದಲು. ಆ ಕ್ರಮದಲ್ಲಿ 10:15 ಎಂಬುದು 9:00ಕ್ಕಿಂತ ಮುಂಚೆಯೇ ಬರುತ್ತದೆ. '09:00' ಎಂದು ಬರೆದಿದ್ದರೆ ಉತ್ತರವು ಸರಿಯಾಗಿಯೇ ಬಂದು, ದೋಷವು ಅಡಗಿಯೇ ಇರುತ್ತಿತ್ತು!

ಜಾವಾದಲ್ಲಿ ಇದಕ್ಕೆ ಪರಿಹಾರವುಂಟು. 2009ರಲ್ಲಿ ಜೆಪಿಎ ಎಂಬ ಮಾನಕದ ಎರಡನೆಯ ಆವೃತ್ತಿಯೊಡನೆ ಬಂದ ಕ್ರೈಟೀರಿಯಾ ವಿಧಾನದಲ್ಲಿ ಪ್ರತಿಯೊಂದು ಷರತ್ತೂ ಒಂದು ಬಿಡಿ ವಸ್ತು. ಬಳಸುವವನು ಆರಿಸಿದ ಷರತ್ತುಗಳನ್ನಷ್ಟೇ ಒಂದು ಪಟ್ಟಿಗೆ ಸೇರಿಸಿ, ಕೊನೆಗೆ ಎಲ್ಲವನ್ನೂ 'ಮತ್ತು' ಎಂದು ಕೂಡಿಸಿದರಾಯಿತು. ವೇಳೆಯ ಅಂಕಣವನ್ನು ವೇಳೆಯೆಂದೇ ಮೊದಲು ಸಾರಿರಬೇಕು; ಅದಕ್ಕೆ ತಕ್ಕ ಪ್ರಕಾರವೊಂದು 2014ರ ಜಾವಾ 8ರಿಂದ ಇದೆ. ಆಮೇಲೆ ಅಂಕಣದ ಹೆಸರನ್ನು ಅಕ್ಷರವಾಗಿ ಬರೆಯದೆ, ಪ್ರಕಾರಸಹಿತವಾಗಿ ತಯಾರಾದ ಮೆಟಾಮಾಡೆಲ್ ಎಂಬ ನಕ್ಷೆಯಿಂದ ಪಡೆದರೆ, ವೇಳೆಯು ಅಕ್ಷರಕ್ಕಿಂತ ಮೊದಲೋ ಆಮೇಲೋ ಎಂದು ಹೋಲಿಸುವ ಪ್ರೋಗ್ರಾಮನ್ನು ಕಂಪೈಲರು ಓಡುವುದಕ್ಕೇ ಬಿಡುವುದಿಲ್ಲ. ತಪ್ಪು ಬಯಲಾಗುವುದು ಬರೆಯುವವನ ಮೇಜಿನ ಮೇಲೆ, ಸೇಡಮ್ಮಿನ ಪ್ಲಾಟ್‌ಫಾರಂ ಮೇಲಲ್ಲ.

ಒಂದು ಸೂಕ್ಷ್ಮವನ್ನು ಗಣಿತದ ವಿದ್ಯಾರ್ಥಿಗಳು ಮೆಚ್ಚುವರು. ಷರತ್ತೇ ಇಲ್ಲದ 'ಮತ್ತು' ಸತ್ಯ. ಷರತ್ತೇ ಇಲ್ಲದ 'ಅಥವಾ' ಅಸತ್ಯ. ಏನನ್ನೂ ಆರಿಸದವನಿಗೆ ಮೊದಲನೆಯದು ಎಲ್ಲ ರೈಲುಗಳನ್ನೂ ಕೊಡುತ್ತದೆ, 'ಒಂದು ಒಂದಕ್ಕೆ ಸಮ' ಎಂಬ ಊರುಗೋಲು ಬೇಕಿಲ್ಲ. ಆದರೆ 'ಸೇಡಂ ಅಥವಾ ಚಿತ್ತಾಪುರ ಅಥವಾ ಶಹಾಬಾದ' ಎಂಬ ನಿಲ್ದಾಣಗಳ ಗುಂಪಿನಲ್ಲಿ ಯಾವುದನ್ನೂ ಆರಿಸದಿದ್ದರೆ ಬರಿಯ ಹಾಳೆ ಬರುತ್ತದೆ! ಆ ಗುಂಪನ್ನು ಆಗ ಪಟ್ಟಿಗೆ ಸೇರಿಸಲೇಬಾರದು.

ಈ ವಿಧಾನದಲ್ಲಿ ಐದು ಸಾಲಿನ ಕೆಲಸಕ್ಕೆ ಇಪ್ಪತ್ತು ಸಾಲು ಬೇಕೆಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ನಿಜವೇ. ಓದುವುದಕ್ಕೂ ಅದು ಅಷ್ಟು ಹಿತವಲ್ಲ. ಆದರೂ ಸುಲಭವೆಂಬ ಕಾರಣಕ್ಕೆ ಅಂಟಿಸುವುದನ್ನೇ ಮೊದಲು ಕಲಿಸಿದರೆ ಆ ಕೈವಾಡಿಕೆಯು ಬಿಡುವುದಿಲ್ಲ. ಆಯಾಮಗಳನ್ನು ನೋಡದೆ ಸೂತ್ರ ಬರೆಯುವವರನ್ನು ಪ್ರತಿವರ್ಷವೂ ಕಾಣುತ್ತಿದ್ದೇವೆ.

ಕಂಪೈಲರಿನ ಕಣ್ಣಿಗೂ ಮಿತಿಯುಂಟು. ಚಲನಶಕ್ತಿಯ ಸೂತ್ರದಲ್ಲಿ ½ ಬಿಟ್ಟುಹೋದರೆ ಆಯಾಮ ವಿಶ್ಲೇಷಣೆಯು ಕಂಡುಹಿಡಿಯಲಾರದು. ಹಾಗೆಯೇ ವಾಡಿಯನ್ನು ಬಿಡುವ ವೇಳೆಯನ್ನು ತಲಪುವ ವೇಳೆಯೆಂದು ಹೋಲಿಸಿದರೆ ಎರಡೂ ವೇಳೆಗಳೇ ಆದುದರಿಂದ ಕಂಪೈಲರು ಸುಮ್ಮನಿರುತ್ತದೆ. ಈ ಪರೀಕ್ಷೆಯ ಕೆಲಸವನ್ನು ಚಿಂಚೋಳಿಯ ಆ ಹುಡುಗನಿಗೇ ಒಪ್ಪಿಸಿದ್ದೇವೆ. ಪ್ರೋಗ್ರಾಮು ಕೊಟ್ಟ ಪಟ್ಟಿಯನ್ನು ಅವನು ಸೇಡಂ ನಿಲ್ದಾಣದ ವೇಳಾಪಟ್ಟಿಯ ಹಲಗೆಯೊಡನೆ ಸಾಲುಸಾಲಾಗಿ ತಾಳೆ ನೋಡುತ್ತಾನೆ.