ತೋಟದ ದೊರೆ ಯಾರ ಪ್ರತಿನಿಧಿ?

"ದೊರೆಗಳ ಕಾಲದಲ್ಲಿ ಎಲ್ಲವೂ ನೆಟ್ಟಗಿತ್ತು" ಎಂದು ಹಾಸನದ ಪೇಟೆಯಲ್ಲಿ ನಿಟ್ಟುಸಿರು ಬಿಡುವವರು ಇಂದಿಗೂ ಇದ್ದಾರೆ. ನೆಟ್ಟಗಿದ್ದುದು ಯಾರಿಗೆ? ಒಬ್ಬ ದೊರೆಯ ಲೆಕ್ಕ ತೆಗೆದೇ ನೋಡೋಣ.

ರಾಬರ್ಟ್ ಎಚ್. ಎಲಿಯಟ್ ಸ್ಕಾಟ್ಲೆಂಡಿನ ಜಮೀನುದಾರ. ಅಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಆಸ್ತಿಯ ಒಡೆಯ. 1856ರಲ್ಲಿ ನಮ್ಮ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ, ಕಾಡು ಕಡಿಸಿ ಕಾಫಿ ಹಾಕಿಸಿದ. 38 ವರ್ಷಗಳ ಅನುಭವವನ್ನು 1894ರಲ್ಲಿ ಪುಸ್ತಕ ಮಾಡಿದ. ಅದರ ಹೆಸರಿನಲ್ಲಿ ಮೊದಲು ಚಿನ್ನ, ಆಮೇಲೆ ಬೇಟೆ, ಕೊನೆಗೆ ಕಾಫಿ. ಗಿಡ ನೆಟ್ಟ ಕೂಲಿಯವನಿಗೆ ಆ ಹೆಸರಿನಲ್ಲಿ ಜಾಗವಿಲ್ಲ!

ಈತ ದಡ್ಡನಲ್ಲ. ಬೇಸಾಯ ಬಲ್ಲವನು, ಸವೆದ ನೆಲಕ್ಕೆ ಸಾರ ತುಂಬುವ ಬಗೆಯನ್ನು ಕುರಿತು ಸ್ವದೇಶದಲ್ಲೂ ಪುಸ್ತಕ ಬರೆದವನು. ನೆಲದ ಸವಕಳಿ ಕಂಡ ಕಣ್ಣಿಗೆ ಮನುಷ್ಯನ ಹಕ್ಕು ಕಾಣಲಿಲ್ಲ ಎಂಬುದೇ ನಮ್ಮ ತಕರಾರು.

1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಅದು ಭೂಮಿಯುಳ್ಳವರ, ದೊಡ್ಡ ವರ್ತಕರ ಸಭೆ. ತೋಟಗಾರರ ಪರವಾಗಿ ಎಲಿಯಟ್ ಸಾಹೇಬನೂ ಅಲ್ಲಿ ಕುಳಿತ. ಹೊಳೆನರಸೀಪುರದ ಸಂತೆಯಲ್ಲಿ ಗೋಣಿ ಹಾಸಿ ಕೂರುವ ವ್ಯಾಪಾರಿ ಅಲ್ಲಿರಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣಗಳ ಕೂಲಿಕಾರನೂ ಇರಲಿಲ್ಲ. ಸಭೆಗಾದರೂ ಆಗ ಶಾಸನ ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿ ಎದ್ದು ಬರಬೇಕು, ಅಷ್ಟೆ. ಸಾಹೇಬ ಇದನ್ನೇ ಮೆಚ್ಚಿದ. ಅಧಿಕಾರದಲ್ಲಿ ಪಾಲು ಕೇಳಿದ ಕಾಂಗ್ರೆಸ್ಸನ್ನು ಅದೇ ಪುಸ್ತಕದಲ್ಲಿ ಹಳಿದ. ಬೇಡುವ ಪ್ರಜೆ ಒಳ್ಳೆಯವನು, ಕೇಳುವ ಪ್ರಜೆ ಕೆಟ್ಟವನು!

ಕೂಲಿಕಾರನಿಗೆ ಇದ್ದುದು ಸಭೆಯಲ್ಲ, ಕಾಯಿದೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಕೋರ್ಟಿಗೆ ಎಳೆದು, ಕೆಲಸಕ್ಕೆ ಮರಳದಿದ್ದರೆ ಮೂರು ತಿಂಗಳವರೆಗೆ ಜೈಲಿಗೆ ತಳ್ಳಲು ಬ್ರಿಟಿಷರು 1859ರಲ್ಲೇ 13ನೇ ಕಾಯಿದೆ ಮಾಡಿದ್ದರು. ಕೂಲಿ ಕೊಡದ ಧಣಿಗೆ ಅದರಲ್ಲಿ ಜೈಲಿರಲಿಲ್ಲ. ಅದನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು. ತೋಟದ ಕಾರ್ಮಿಕರಿಗೆಂದೇ ಒಂದು ಕಾಯಿದೆ ಬಂದದ್ದು 1951ರಲ್ಲಿ, ದೊರೆಗಳು ಹಡಗು ಹತ್ತಿದ ಮೇಲೆ.

ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಮುಗಿಯಿತು. 1952ರ ಹೊತ್ತಿಗೆ ಗಂಡುಹೆಣ್ಣೆನ್ನದೆ ವಯಸ್ಸಿಗೆ ಬಂದವರೆಲ್ಲರಿಗೂ ಓಟು ಬಂತು. ಆದರೆ ಆಸ್ತಿಯುಳ್ಳವನೇ ಆಳಲು ಹುಟ್ಟಿದವನೆಂಬ ಭ್ರಮೆ ನಮ್ಮ ತಲೆಯಿಂದ ಹೋಯಿತೇ? ಇಂದಿಗೂ ಎಕರೆ ಲೆಕ್ಕ ಹಾಕಿ ನಾಯಕನನ್ನು ಅಳೆಯುವುದಿಲ್ಲವೇ?

ಗಿರಣಿಯ ಗೆಳೆಯರೇ, ಅಂಗಡಿಯ ಅಣ್ಣಂದಿರೇ, ಓಟು ಕೇಳಲು ಬಂದವನ ಕಾರನ್ನು ನೋಡಬೇಡಿ. "ನಮ್ಮ ಕೂಲಿ, ನಮ್ಮ ಸುಂಕ, ನಮ್ಮ ಸಾಲದ ವಿಚಾರದಲ್ಲಿ ನೀನು ಯಾವ ಕಡೆ?" ಎಂದು ನಿಲ್ಲಿಸಿ ಕೇಳಿ. ನಮ್ಮ ಅಜ್ಜಂದಿರಿಗೆ ಕೇಳುವ ಜಾಗವಿರಲಿಲ್ಲ. ನಮಗಿದೆ. ಇದ್ದೂ ಕೇಳದಿದ್ದರೆ ತಪ್ಪು ಸಾಹೇಬನದಲ್ಲ, ನಮ್ಮದು.