ಮೊಣಕಾಲಿನ ಕಾಪು

‘ಅಜ್ಜಾ, ನನಗೊಂದು ಜೋಡಿ ನೀ-ಸ್ಲೀವ್ ಕೊಡಿಸಿರಿ’ ಎಂದನು, ಭಾರ ಎತ್ತುವ ಅಭ್ಯಾಸದಲ್ಲಿರುವ ಮೊಮ್ಮಗ. ‘ಮೊಣಕಾಲು ನೋಯುತ್ತಿದೆಯೇ?’ ಎಂದೆ; ತಲೆ ತಗ್ಗಿಸಿದನು.

ಬಂಧುಗಳೇ, ಇಂಥ ಸಾಧನಗಳನ್ನು ಗುಣವರಿತು ಕೊಳ್ಳುವುದು ಲೇಸು. ಅಂಗಿಯ ತೋಳಿನಂತೆ ಏರಿಸಿಕೊಳ್ಳುವ ನಿಯೋಪ್ರೀನ್ ರಬ್ಬರಿನ ಸ್ಲೀವ್ ಕೀಲನ್ನು ಬೆಚ್ಚಗಿರಿಸಿ ಹಿತವಾಗಿ ಅಪ್ಪುತ್ತದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್ನಿನ ನಿಯಮದಂತೆ ಅದರ ದಪ್ಪ 7 ಮಿಲಿಮೀಟರ್ ಮೀರಬಾರದು. ಬಿಗಿಯಾಗಿ ಸುತ್ತುವ ನೀ-ರ‍್ಯಾಪ್ ಪಟ್ಟಿಯಾದರೋ ಕುಳಿತು ಏಳುವಾಗ ಸ್ಪ್ರಿಂಗಿನಂತೆ ಮೇಲೆತ್ತುತ್ತದೆ. ಅದು ಪಳಗಿದವರ ಗರಿಷ್ಠ ಭಾರಕ್ಕೆ ತಕ್ಕುದು. ಟೇಪಿನಿಂದ ಮೊಣಕಾಲಿನ ಸುತ್ತಳತೆ ತೆಗೆದು, ತಯಾರಕರ ಅಳತೆಪಟ್ಟಿಯೊಡನೆ ಹೋಲಿಸಿ ಆರಿಸಬೇಕು. ಕಾಲು ಜೋಮು ಹಿಡಿದರೆ ಅತಿ ಬಿಗಿ; ಜಾರಿದರೆ ಸಡಿಲ.

ಆದರೆ ನೋವನ್ನು ಮುಚ್ಚಿದ ಮಾತ್ರಕ್ಕೆ ಅದು ಗುಣವಾಗದು. ನೊಂದ ಮೊಣಕಾಲಿಗೆ ಮೊದಲು ವೈದ್ಯರು, ಅನಂತರ ಅಂಗಡಿ. ನಾಳೆ ಮೊಮ್ಮಗನೊಡನೆ ನಾನು ಹೊರಡುವುದೂ ಅದೇ ಕ್ರಮದಲ್ಲಿ.